ಗಂಟು ಯಾಕೆ ಊದಿತು?

— ದೊಡ್ಡಮ್ಮ, ಮಾತ್ರೆ ಶುರುಮಾಡಿ ನಾಲ್ಕು ತಿಂಗಳಾಗುತ್ತಾ ಬಂತು. ಒಂದು ದಿನವೂ ತಪ್ಪಿಸಿಲ್ಲ. ಜ್ವರ ನಿಂತಿದೆ, ಊಟ ಸೇರುತ್ತಿದೆ, ತೂಕವೂ ಏರಿದೆ. ಕುತ್ತಿಗೆಯ ಗಂಟು ಮಾತ್ರ ಎರಡನೇ ತಿಂಗಳಿಂದ ಮೊದಲಿಗಿಂತ ದಪ್ಪ ಆಗಿದೆ. ಮಾತ್ರೆ ಹಿಡಿಯುತ್ತಿಲ್ಲ ಅಂತ ತಾನೆ?

— ಸೂಜಿ ಹಾಕಿ ಕೀವು ತೆಗೆದಿದ್ದರಲ್ಲ, ಅದರ ರಿಪೋರ್ಟ್ ಕೊಡಿಲ್ಲಿ. ಹ್ಞೂಂ. ಆರು ವಾರ ಇಟ್ಟರೂ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಶುರುವಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲೂ ರಿಫಾಂಪಿಸಿನ್ ಮಾತ್ರೆಗೆ ಬಗ್ಗುವ ರೋಗಾಣು ಅಂತಲೇ ಬಂದಿದೆ. ಮಾತ್ರೆ ತನ್ನ ಕೆಲಸ ಮಾಡಿದೆ ಕಣಮ್ಮ. ಈಗ ಗಂಟನ್ನು ಊದಿಸುತ್ತಿರುವುದು ನಿನ್ನವೇ ಜೀವಕೋಶಗಳು. ಗಂಟಿನ ಟಿಬಿಯಲ್ಲಿ ಇದು ಅಪರೂಪವೇನಲ್ಲ. ರೋಗಾಣು ಸತ್ತಾಗ ಅದರ ಗೋಡೆಯ ಕೊಬ್ಬು, ಪ್ರೋಟೀನು ಎಲ್ಲ ಚೂರುಚೂರಾಗಿ ಹೊರಬೀಳುತ್ತವೆ. ಕಾಯಿಲೆಯಲ್ಲಿ ಸೊರಗಿದ್ದ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ಚೇತರಿಸಿಕೊಂಡು ಆ ಚೂರುಗಳ ಮೇಲೆ ಮುಗಿಬೀಳುತ್ತವೆ.

— ಸತ್ತ ಮೇಲೂ ಬಿಡುವುದಿಲ್ಲವಾ? ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಬಿಳಿ ರಕ್ತಕಣ ಅಂದರೆ ಸೈನಿಕ, ಶತ್ರು ಬಂದರೆ ಕೊಲ್ಲುತ್ತೆ ಅಂತ ಪಾಠ ಮಾಡುತ್ತೇನೆ.

— ಟಿಬಿಗೆ ಆ ಪಾಠ ಸಾಲದು. ಎದೆರೋಗದ ವಾರ್ಡಿನಲ್ಲೇ ಕೂದಲು ಬೆಳ್ಳಗಾದವಳು ನಾನು. ಈ ಕಾಯಿಲೆಯಲ್ಲಿ ದೇಹಕ್ಕಾಗುವ ಹಾನಿಯಲ್ಲಿ ದೊಡ್ಡ ಪಾಲು ದೇಹದ ಕೈಯಿಂದಲೇ ಆಗುತ್ತೆ. ಕಾಲರಾ, ಧನುರ್ವಾಯುಗಳ ರೋಗಾಣುವಿನ ಹಾಗೆ ವಿಷ ಉಗುಳಿ ಕೊಲ್ಲುವ ಜಾತಿಯಲ್ಲ ಇದು. ಒಳಗೆ ಸೇರಿಕೊಂಡು ಮೆಲ್ಲಗೆ ಬದುಕುತ್ತೆ. ಒಂದು ಎರಡಾಗುವುದಕ್ಕೆ ಇಪ್ಪತ್ತು ಗಂಟೆಯ ಹತ್ತಿರ ಬೇಕು. ಅದಕ್ಕೆ ನಾವು ಎಷ್ಟು ಉರಿಯುತ್ತೇವೆ, ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

— ಮೊದಲಿನಿಂದ ಹೇಳಿ. ಯಾರದೋ ಕೆಮ್ಮಿನ ಹನಿ ನನ್ನ ಶ್ವಾಸಕೋಶಕ್ಕೆ ಹೋಯಿತು. ಆಮೇಲೆ?

— ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮ್ಯಾಕ್ರೊಫೇಜ್ ಅನ್ನುವ ದೊಡ್ಡ ಕೋಶಗಳಿರುತ್ತವೆ. ಹೊರಗಿನಿಂದ ಬಂದದ್ದನ್ನೆಲ್ಲ ನುಂಗಿ ಗುಡಿಸುವುದು ಅವುಗಳ ಕೆಲಸ. ಉಸಿರಿನ ಜೊತೆ ದಿನಾ ಧೂಳು, ಹೊಗೆ, ಪರಾಗ ಬರುತ್ತಲೇ ಇರುತ್ತವಲ್ಲ, ಪ್ರತಿಯೊಂದಕ್ಕೂ ಅವು ಉರಿದುಬಿದ್ದರೆ ನಾವು ಉಸಿರಾಡುವ ಹಾಗೇ ಇರುವುದಿಲ್ಲ. ಅದಕ್ಕೇ ಅವು ಸ್ವಭಾವದಿಂದಲೇ ಶಾಂತ. ಕ್ಷಯದ ರೋಗಾಣು ಹೋಗಿ ಸೇರುವುದು ಸರಿಯಾಗಿ ಆ ಶಾಂತ ಕೋಶದ ಹೊಟ್ಟೆಗೆ. ನುಂಗಿದ್ದನ್ನು ಮ್ಯಾಕ್ರೊಫೇಜ್ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತೆ. ಆ ಚೀಲ ಆಮ್ಲ ಮತ್ತು ಕಿಣ್ವ ತುಂಬಿದ ಇನ್ನೊಂದು ಚೀಲದ ಜೊತೆ ಕೂಡಿಕೊಂಡರೆ ಒಳಗಿದ್ದದ್ದು ಜೀರ್ಣವಾಗುತ್ತೆ. ಈ ರೋಗಾಣು ಆ ಕೂಡುವಿಕೆಯನ್ನೇ ತಡೆಯುತ್ತೆ. 1971ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಅನ್ನುವ ವಿಜ್ಞಾನಿಗಳು ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದರು.

— ಒಂದು ಕೋಶ ಸೋತರೆ ಬೇರೆಯವು ಬರಬೇಕಲ್ಲ?

— ಬರುತ್ತವೆ, ಆದರೆ ತಡವಾಗಿ. ಯಾವುದಾದರೂ ಕೋಶ ರೋಗಾಣುವಿನ ಚೂರನ್ನು ಹೊತ್ತು ಹತ್ತಿರದ ಲಿಂಫ್ ಗ್ರಂಥಿಗೆ ಹೋಗಿ ಟಿ ಕೋಶಗಳಿಗೆ ತೋರಿಸಬೇಕು. ಫ್ಲೂ ಬಂದರೆ ಈ ಕೆಲಸ ಕೆಲವೇ ದಿನಗಳಲ್ಲಿ ಆಗಿಹೋಗುತ್ತೆ. ಟಿಬಿಯಲ್ಲಿ ಇಲಿಗಳಿಗೇ ಎರಡು ವಾರ ಹಿಡಿಯುತ್ತೆ, ಮನುಷ್ಯರಲ್ಲಿ ಚರ್ಮದ ಪರೀಕ್ಷೆ ಪಾಸಿಟಿವ್ ಆಗುವುದಕ್ಕೆ ಎರಡರಿಂದ ಎಂಟು ವಾರ. ತಡಕ್ಕೆ ಕಾರಣ ರೋಗಾಣು ಒಂದೇ ಅಲ್ಲ. ನಮ್ಮಲ್ಲಿ ನಿಯಂತ್ರಕ ಟಿ ಕೋಶಗಳು ಅಂತ ಇವೆ, ಮಿಕ್ಕ ಟಿ ಕೋಶಗಳನ್ನು ಸುಮ್ಮನಿರಿಸುವುದೇ ಅವುಗಳ ಕಸುಬು. ಇವುಗಳ ಬಗೆಗಿನ ಸಂಶೋಧನೆಗೆ 2025ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಅವರಿಗೆ ನೊಬೆಲ್ ಬಂತು. ಟಿಬಿ ಸೋಂಕು ತಗುಲಿದ ಇಲಿಗಳ ಲಿಂಫ್ ಗ್ರಂಥಿಯಲ್ಲಿ ಈ ನಿಯಂತ್ರಕ ಕೋಶಗಳೂ ಬೆಳೆದು, ಉಳಿದವು ಶ್ವಾಸಕೋಶ ತಲುಪುವುದನ್ನು ಇನ್ನಷ್ಟು ತಡಮಾಡಿಸುವುದನ್ನು ನೋಡಿದ್ದಾರೆ.

— ಅಂದರೆ ಅವು ನಮಗೆ ದ್ರೋಹ ಮಾಡಿದ ಹಾಗಾಯಿತು!

— ಅವಸರಪಡಬೇಡ. ಅವು ಇಲ್ಲದೇ ಹುಟ್ಟಿದ ಮಕ್ಕಳಲ್ಲಿ ರೋಗನಿರೋಧಕ ಕೋಶಗಳು ಸ್ವಂತ ಕರುಳು, ಚರ್ಮ, ಮೇದೋಜೀರಕವನ್ನೇ ಹಾಳುಮಾಡುತ್ತವೆ. ಎಲ್ಲ ಅಂಗಗಳನ್ನೂ ಕಾಯುತ್ತಿರುವ ತಡೆ ಅದು. ಟಿಬಿಯಲ್ಲಿ ಆ ತಡೆ ಮೊದಲ ಕೆಲವು ವಾರ ರೋಗಾಣುವಿಗೆ ಅನುಕೂಲ ಮಾಡಿಕೊಡುತ್ತೆ. ಆಮೇಲೆ ಅದೇ ನಮ್ಮನ್ನು ಉಳಿಸುತ್ತೆ.

— ಟಿ ಕೋಶ ಬಂದಮೇಲೆ ಏನು ಮಾಡುತ್ತೆ? ತಾನೇ ಕೊಲ್ಲುತ್ತಾ?

— ಮುಖ್ಯವಾಗಿ ಮ್ಯಾಕ್ರೊಫೇಜನ್ನು ಎಬ್ಬಿಸುತ್ತೆ. ಸಿಡಿ4 ಅನ್ನುವ ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಬಿಡುತ್ತೆ. ಅದು ತಾಗಿದಾಗ ಮ್ಯಾಕ್ರೊಫೇಜ್ ತನ್ನ ಚೀಲಗಳನ್ನು ಕೂಡಿಸುವ ಶಕ್ತಿ ಮತ್ತೆ ಪಡೆಯುತ್ತೆ. ಈ ಸಂಕೇತ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ. ಅವರಿಗೆ ಬಿಸಿಜಿ ಲಸಿಕೆಯ ದುರ್ಬಲಗೊಳಿಸಿದ ರೋಗಾಣುವೇ ಮೈಯೆಲ್ಲ ಹರಡಿ ಪ್ರಾಣಕ್ಕೆ ಬರುತ್ತೆ. ಟಿಎನ್‌ಎಫ್ ಅನ್ನುವುದು ಇನ್ನೊಂದು ಸಂಕೇತ. ಸಂಧಿವಾತಕ್ಕೆ ಅದನ್ನು ತಡೆಯುವ ಇಂಜೆಕ್ಷನ್ ಬಂತಲ್ಲ, ಇನ್‌ಫ್ಲಿಕ್ಸಿಮ್ಯಾಬ್ ಅಂತ, ಅದನ್ನು ತೆಗೆದುಕೊಂಡ 70 ಜನರಿಗೆ ಟಿಬಿ ಕಾಣಿಸಿಕೊಂಡದ್ದು 2001ರಲ್ಲಿ ವರದಿಯಾಯಿತು. ಹೆಚ್ಚಿನವರಿಗೆ ಔಷಧಿ ಶುರುವಾದ ಕೆಲವೇ ತಿಂಗಳಲ್ಲಿ. ಒಳಗೆ ಮಲಗಿದ್ದದ್ದು ಎದ್ದು ಕೂತಿತ್ತು. ಎಚ್‌ಐವಿಯಲ್ಲಿ ಸಿಡಿ4 ಕೋಶ ಇಳಿದವರ ಕಥೆ ನಿನಗೆ ಹೇಳಬೇಕಾಗಿಲ್ಲ. ಅಂಥವರಿಂದಲೇ ತುಂಬಿದ ವಾರ್ಡುಗಳನ್ನು ನಾನು ನೋಡಿದ್ದೇನೆ.

— ಹಾಗಾದರೆ ಲೆಕ್ಕ ಸುಲಭವಾಯಿತಲ್ಲ ದೊಡ್ಡಮ್ಮ. ಕೋಶಗಳು ಎಷ್ಟು ಜೋರಾಗಿದ್ದರೆ ಅಷ್ಟು ಒಳ್ಳೆಯದು.

— ರಾಬರ್ಟ್ ಕಾಖ್ ಕೂಡ ಹೆಚ್ಚುಕಮ್ಮಿ ಹಾಗೇ ನಂಬಿದರು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರೋಗಾಣುವನ್ನು ತೋರಿಸಿಕೊಟ್ಟವರು ಅವರೇ. 1890ರಲ್ಲಿ ಅದೇ ರೋಗಾಣುವಿನಿಂದ ತೆಗೆದ ಒಂದು ಸಾರ ಕ್ಷಯವನ್ನು ಗುಣಮಾಡುತ್ತೆ ಅಂತ ಪ್ರಕಟಿಸಿದರು. ರೋಗಿಗಳು, ವೈದ್ಯರು ಬರ್ಲಿನ್‌ಗೆ ಧಾವಿಸಿದರು. ಇಂಜೆಕ್ಷನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಜ್ವರ, ನಡುಕ, ರೋಗವಿದ್ದ ಜಾಗವೆಲ್ಲ ಊತ. ಕೆಲವರು ತೀರಿಕೊಂಡರು. ರೋಗಶಾಸ್ತ್ರಜ್ಞ ವಿರ್ಚೋ ಆ ಶವಗಳನ್ನು ಪರೀಕ್ಷಿಸಿ, ಉರಿಯೂತ ಕೆರಳಿದ್ದನ್ನೂ ಹೊಸ ಗಂಟುಗಳು ಎದ್ದಿದ್ದನ್ನೂ ತೋರಿಸಿದರು. ರೋಗಾಣುವನ್ನು ಆಗಲೇ ಗುರುತಿಸಿಟ್ಟುಕೊಂಡಿದ್ದ ಟಿ ಕೋಶಗಳಿಗೆ ಒಂದೇ ಸಲಕ್ಕೆ ಅಷ್ಟೊಂದು ಚೂರು ಕೊಟ್ಟರೆ ಇನ್ನೇನಾಗುತ್ತೆ? ಟಿ ಕೋಶ ಅನ್ನುವುದೊಂದಿದೆ ಅಂತಲೇ ಆಗ ಯಾರಿಗೂ ತಿಳಿದಿರಲಿಲ್ಲ. ಆ ಸಾರ ಚಿಕಿತ್ಸೆಯಾಗಿ ನಿಲ್ಲಲಿಲ್ಲ. ಅದರ ಶುದ್ಧಮಾಡಿದ ರೂಪವನ್ನು ಇವತ್ತು ಮಾಂಟೂ ಪರೀಕ್ಷೆಗೆ ಹನಿಯಷ್ಟು ಕೊಡುತ್ತಾರೆ. ನಿನ್ನ ಮುಂಗೈ ಮೇಲೆ ಕೆಂಪಗೆ ಎದ್ದಿತ್ತಲ್ಲ, ಅದೇ.

— ಅದು ಹೊರಗಿನಿಂದ ಕೊಟ್ಟಿದ್ದು. ದೇಹ ತಾನಾಗಿ ಅತಿ ಮಾಡುತ್ತಾ?

— ತಡೆ ತೆಗೆದರೆ ಮಾಡುತ್ತೆ. ಟಿ ಕೋಶದ ಮೈಮೇಲೆ ಪಿಡಿ-1 ಅಂತ ಒಂದು ಬ್ರೇಕ್ ಇದೆ. ಆ ಬ್ರೇಕ್ ಇಲ್ಲದ ಇಲಿಗಳಿಗೆ ಟಿಬಿ ತಗುಲಿಸಿ ನೋಡಿದರು. ಬ್ರೇಕ್ ಇಲ್ಲದ ಕೋಶ ಜೋರಾಗಿ ಹೊಡೆದು ಇಲಿ ಬದುಕಬೇಕು ಅಂತ ನೀನು ಹೇಳುತ್ತೀಯ. ಆದರೆ ಅವು ಟಿ ಕೋಶಗಳೇ ಇಲ್ಲದ ಇಲಿಗಳಿಗಿಂತ ಬೇಗ ಸತ್ತವು. ಅವುಗಳಿಂದ ಸಿಡಿ4 ಕೋಶಗಳನ್ನು ತೆಗೆದುಹಾಕಿದಾಗ ಹೆಚ್ಚು ದಿನ ಬದುಕಿದವು. ಇದು ಬಂದದ್ದು 2010, 2011ರ ಹೊತ್ತಿಗೆ. ಆಮೇಲೆ ಕ್ಯಾನ್ಸರಿಗೆ ಇದೇ ಪಿಡಿ-1 ಬ್ರೇಕನ್ನು ಬಿಡಿಸುವ ಔಷಧಿಗಳು ಬಳಕೆಗೆ ಬಂದವು. ಅವನ್ನು ತೆಗೆದುಕೊಂಡ ಕೆಲವು ರೋಗಿಗಳಿಗೆ ಟಿಬಿ ಕೆರಳಿತು. ಟಿಎನ್‌ಎಫ್ ತಡೆದರೂ ಟಿಬಿ, ಟಿ ಕೋಶದ ತಡೆ ಬಿಡಿಸಿದರೂ ಟಿಬಿ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಈ ಕಾಯಿಲೆ ಅರ್ಥವಾಗುತ್ತೆ.

— ಜಾಸ್ತಿ ಆದರೂ ಕಷ್ಟ, ಕಮ್ಮಿ ಆದರೂ ಕಷ್ಟ.

— ಅದನ್ನು ಕಣ್ಣಾರೆ ತೋರಿಸಿದವರು ಲಲಿತಾ ರಾಮಕೃಷ್ಣನ್. ಬರೋಡಾದಲ್ಲಿ ವೈದ್ಯಶಾಸ್ತ್ರ ಓದಿ, ಈಗ ಕೇಂಬ್ರಿಜ್‌ನಲ್ಲಿರುವ ವಿಜ್ಞಾನಿ. ಅವರು ಆರಿಸಿಕೊಂಡದ್ದು ಜೀಬ್ರಾ ಮೀನು. ಅದರ ಮರಿ ಗಾಜಿನ ಹಾಗೆ ಪಾರದರ್ಶಕ. ಕ್ಷಯದ ರೋಗಾಣುವಿನ ಹತ್ತಿರದ ನಂಟ ಒಂದು ಮೀನುಗಳಿಗೆ ಕಾಯಿಲೆ ತರುತ್ತೆ. ಅದಕ್ಕೆ ಬಣ್ಣ ಹೊಳೆಯುವ ಹಾಗೆ ಮಾಡಿ ಮರಿಯೊಳಗೆ ಬಿಟ್ಟರೆ, ಯಾವ ಕೋಶ ಎಲ್ಲಿಗೆ ಹೋಯಿತು, ಏನು ನುಂಗಿತು ಅನ್ನುವುದನ್ನೆಲ್ಲ ಮೀನು ಬದುಕಿರುವಾಗಲೇ ನೋಡಬಹುದು. ಟಿಎನ್‌ಎಫ್ ಕಮ್ಮಿಯಾದ ಮೀನಿನಲ್ಲಿ ಮ್ಯಾಕ್ರೊಫೇಜ್ ರೋಗಾಣುವನ್ನು ಹಿಡಿದಿಡಲಾರದೆ ಒಡೆಯಿತು. ಟಿಎನ್‌ಎಫ್ ಅತಿಯಾದ ಮೀನಿನಲ್ಲಿ ಮ್ಯಾಕ್ರೊಫೇಜ್ ಮೊದಲು ಚೆನ್ನಾಗಿಯೇ ಕೊಂದಿತು, ಆಮೇಲೆ ತಾನೂ ಸತ್ತು ಒಡೆಯಿತು. ಎರಡರಲ್ಲೂ ರೋಗಾಣು ಹೊರಗೆ ಚೆಲ್ಲಿ ಸ್ವತಂತ್ರವಾಗಿ ಬೆಳೆಯಿತು.

— ಗ್ರಾನುಲೋಮಾ ಅಂತ ರಿಪೋರ್ಟಿನಲ್ಲಿ ಬರೆದಿದ್ದರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

— ಅದೇ ಇದರ ನಡುಮನೆ. ಸೋಂಕು ತಗುಲಿದ ಮ್ಯಾಕ್ರೊಫೇಜುಗಳ ಸುತ್ತ ಇನ್ನಷ್ಟು ಮ್ಯಾಕ್ರೊಫೇಜ್ ಸೇರಿ, ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ. ಕೆಲವು ಬೆಸೆದುಹೋಗಿ ಹಲವು ಕೇಂದ್ರಗಳಿರುವ ದೈತ್ಯ ಕೋಶಗಳಾಗುತ್ತವೆ. ಹೊರಗಡೆ ಟಿ ಕೋಶಗಳ ಪಟ್ಟಿ. ನಡುವೆ ಕೋಶಗಳು ಸತ್ತು ಗಿಣ್ಣಿನಂಥ ಮೆತ್ತಗಿನ ಬಿಳಿ ಮುದ್ದೆ. ನಾವು ಓದುವಾಗ ಇದನ್ನು ದೇಹ ಕಟ್ಟಿದ ಗೋಡೆ ಅಂತ ಕಲಿತೆವು. 2009ರಲ್ಲಿ ಲಲಿತಾ ಅವರ ಗುಂಪು, ಶುರುವಿನ ದಿನಗಳಲ್ಲಿ ಅದೇ ಗಂಟು ರೋಗಾಣುವಿಗೆ ಬೆಳೆಯುವ ದಾರಿ ಮಾಡಿಕೊಡುತ್ತೆ ಅಂತ ತೋರಿಸಿತು. ಹೊಸದಾಗಿ ಬಂದ ಮ್ಯಾಕ್ರೊಫೇಜ್ ಸಾಯುತ್ತಿರುವುದನ್ನು ನುಂಗುತ್ತೆ, ಅದರೊಳಗಿನ ರೋಗಾಣುವೂ ಇದರ ಹೊಟ್ಟೆಗೆ ಹೋಗುತ್ತೆ. ಟಿ ಕೋಶಗಳು ಬಂದಮೇಲೆ ಗಂಟಿನ ಗುಣ ಬದಲಾಗುತ್ತೆ. ಎಲ್ಲ ಗಂಟುಗಳೂ ಒಂದೇ ಸಮ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜೋಆನ್ ಫ್ಲಿನ್ ಅವರ ತಂಡ ಮಂಗಗಳಲ್ಲಿ ನೋಡಿದ್ದು ಇದು: ಒಂದೇ ಮಂಗದ ಶ್ವಾಸಕೋಶದಲ್ಲಿ ಒಂದು ಗಂಟಿನಲ್ಲಿ ರೋಗಾಣು ಪೂರ್ತಿ ನಾಶ, ಪಕ್ಕದ್ದರಲ್ಲಿ ಸೊಕ್ಕಿ ಬೆಳೆಯುತ್ತಿದೆ.

— ಒಂದೇ ಮೈಯಲ್ಲಿ!

— ಒಂದೇ ಮೈಯಲ್ಲಿ. ಅದಕ್ಕೇ ಯಾರಾದರೂ ‘ಇವರ ಇಮ್ಯುನಿಟಿ ಚೆನ್ನಾಗಿದೆ, ಅವರದು ಚೆನ್ನಾಗಿಲ್ಲ’ ಅಂದರೆ ನನಗೆ ಕಿರಿಕಿರಿ. ಯಾವ ಗಂಟಿನಲ್ಲಿ, ಯಾವ ಕೋಶ, ಎಷ್ಟು ಹೊತ್ತು ಅಂತ ಕೇಳಬೇಕು. ಉರಿಸುವ ಸಂಕೇತವೂ ತಣಿಸುವ ಸಂಕೇತವೂ ಗಂಟಿನೊಳಗೆ ಒಟ್ಟಿಗೇ ಓಡಾಡುತ್ತಿರುತ್ತವೆ. ತಣಿಸುವುದರಲ್ಲಿ ಐಎಲ್-10 ಅನ್ನುವುದು ಮುಖ್ಯ. ಪ್ರಪಂಚದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಈ ಸೋಂಕು ತಗುಲಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಜನ. ಉಳಿದವರಲ್ಲಿ ಈ ಹದ ಸದ್ದಿಲ್ಲದೆ ನಿಂತಿದೆ. ತಪ್ಪಿದವರ ಸಂಖ್ಯೆಯೂ ಸಣ್ಣದಲ್ಲ: 2023ರಲ್ಲಿ 1 ಕೋಟಿ 8 ಲಕ್ಷ ಜನಕ್ಕೆ ಕಾಯಿಲೆ, ಹನ್ನೆರಡೂವರೆ ಲಕ್ಷ ಸಾವು. ಕಾಯಿಲೆಯಾದವರಲ್ಲಿ ನೂರಕ್ಕೆ 26 ಜನ ನಮ್ಮ ದೇಶದವರು.

— ಶ್ವಾಸಕೋಶದಲ್ಲಿ ತೂತು ಬೀಳುತ್ತೆ ಅಂತಾರಲ್ಲ, ಅದನ್ನೂ ನಮ್ಮ ಕೋಶಗಳೇ ಮಾಡುವುದಾ?

— ಶ್ವಾಸಕೋಶಕ್ಕೆ ಗಟ್ಟಿತನ ಕೊಡುವ ಕೊಲಾಜನ್ ನಾರನ್ನು ಕತ್ತರಿಸುವ ಕಿಣ್ವ ಈ ರೋಗಾಣುವಿನ ಹತ್ತಿರ ಇಲ್ಲ. ಕತ್ತರಿಸುವುದು ನಮ್ಮ ಮ್ಯಾಕ್ರೊಫೇಜ್, ನ್ಯೂಟ್ರೋಫಿಲ್ ಕೋಶಗಳು ಬಿಡುವ ಕಿಣ್ವ. ಗಂಟಿನ ನಡುವಿನ ಮುದ್ದೆ ಕರಗಿ ಶ್ವಾಸನಾಳಕ್ಕೆ ಒಡೆದುಕೊಂಡರೆ ಅಲ್ಲೊಂದು ಗುಂಡಿ. ಒಳಗೆ ಗಾಳಿ ಧಾರಾಳ, ರೋಗಾಣು ಕೋಟಿಗಟ್ಟಲೆ. ಕೆಮ್ಮಿದರೆ ನೇರ ಹೊರಗೆ, ಎದುರಿಗಿದ್ದವರ ಮೂಗಿಗೆ. ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡು. ಎಚ್‌ಐವಿ ಮುಂದುವರಿದು ಸಿಡಿ4 ತೀರಾ ಇಳಿದವರ ಎಕ್ಸ್‌ರೇಯಲ್ಲಿ ತೂತು ಕಾಣುವುದು ಕಮ್ಮಿ, ಕಫದಲ್ಲಿ ರೋಗಾಣು ಸಿಗುವುದೂ ಕಮ್ಮಿ. ರೋಗಿಯ ಮೈಯೆಲ್ಲ ಹರಡಿರುತ್ತೆ, ಊರಿಗೆ ಹರಡಲಾರದು.

— ಅಂದರೆ... ರೋಗಾಣು ಹರಡುವುದಕ್ಕೆ ನಮ್ಮ ಟಿ ಕೋಶವೇ ಬೇಕು?

— ಬೇಕು. 2010ರಲ್ಲಿ ಲೋಕದ ಬೇರೆಬೇರೆ ಕಡೆಯ ಈ ರೋಗಾಣುವಿನ 21 ತಳಿಗಳ ಜೀನೋಮ್ ಓದಿ ನೋಡಿದರು. ಬೇರೆ ರೋಗಾಣುಗಳಲ್ಲಿ ನಮ್ಮ ಟಿ ಕೋಶ ಗುರುತುಹಿಡಿಯುವ ಭಾಗಗಳು ಬೇಗಬೇಗ ಬದಲಾಗುತ್ತಿರುತ್ತವೆ, ತಪ್ಪಿಸಿಕೊಳ್ಳುವುದಕ್ಕೆ. ಕ್ಷಯದ ರೋಗಾಣುವಿನಲ್ಲಿ ಆ ಭಾಗಗಳೇ ಎಲ್ಲಕ್ಕಿಂತ ಕಮ್ಮಿ ಬದಲಾಗಿವೆ. ಸಾವಿರಾರು ವರ್ಷ ನಮ್ಮ ಜೊತೆ ಬಾಳಿದರೂ ಅದು ತನ್ನ ಗುರುತು ಮರೆಸಿಕೊಂಡಿಲ್ಲ. ಗುರುತಿಸಿಕೊಳ್ಳುವುದರಿಂದಲೇ ಅದಕ್ಕೆ ಲಾಭ ಇರಬೇಕು ಅನ್ನುವುದು ಆ ವಿಜ್ಞಾನಿಗಳು ಮಾಡಿದ ಊಹೆ. ಇದನ್ನು ಓದಿದ ದಿನ, ನನ್ನ ಕಣ್ಣೆದುರು ರಕ್ತ ಕಾರಿದ ಹುಡುಗರೆಲ್ಲ ನೆನಪಾದರು. ಅವರಲ್ಲಿ ಎಷ್ಟೋ ಮಂದಿ ಗಟ್ಟಿಮುಟ್ಟಾಗಿದ್ದವರು. ದೇಹ ದುರ್ಬಲ ಅಂತ ಅವರಿಗೆ ನಾವೇ ಹೇಳುತ್ತಿದ್ದೆವು. ಅವರ ದೇಹ ತನಗೆ ತಿಳಿದ ರೀತಿಯಲ್ಲಿ ಪೂರಾ ಶಕ್ತಿಯಿಂದ ಹೋರಾಡಿತ್ತು.

— ಉರಿಯೂತದ ಕಾಟ ಇಷ್ಟಿದ್ದರೆ ಅದನ್ನು ಇಳಿಸುವ ಔಷಧಿ ಕೊಡಬಹುದಲ್ಲ?

— ಕೆಲವು ಕಡೆ ಕೊಡುತ್ತೇವೆ. ಮಿದುಳಿನ ಪೊರೆಗೆ ಟಿಬಿ ಆದಾಗ ತಲೆಬುರುಡೆಯೊಳಗೆ ಊತಕ್ಕೆ ಜಾಗ ಎಲ್ಲಿದೆ? ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಟಿಬಿ ಮಾತ್ರೆಯ ಜೊತೆಗೆ ಡೆಕ್ಸಾಮೆಥಸೋನ್ ಅನ್ನುವ ಸ್ಟೆರಾಯ್ಡ್ ಕೊಟ್ಟವರಲ್ಲಿ ನೂರಕ್ಕೆ 32 ಸಾವು, ಕೊಡದವರಲ್ಲಿ 41. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಒಂದು ಸೋಂಕಿನಲ್ಲಿ ಜೀವ ಉಳಿಸಿತು! ಹಾಗಂತ ಎಲ್ಲರಿಗೂ ಅಲ್ಲ. ಎಚ್‌ಐವಿ ಇರುವವರಲ್ಲಿ ಅದೇ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿದಾಗ ಅಂಥ ಪ್ರಯೋಜನ ಕಾಣಲಿಲ್ಲ. ಟಿಬಿ ಮಾತ್ರೆಯ ರಕ್ಷಣೆ ಇಲ್ಲದೆ ಸ್ಟೆರಾಯ್ಡ್ ನುಂಗಿದರಂತೂ ಮಲಗಿದ್ದ ರೋಗಾಣು ಏಳುತ್ತೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡು ತಿನ್ನುವವರನ್ನು ಕಂಡರೆ ನನಗೆ ಭಯ.

— ಸ್ಟಾಫ್‌ರೂಮಿನಲ್ಲಿ ಎಲ್ಲರೂ ನನಗೆ ಒಂದೊಂದು ಇಮ್ಯುನಿಟಿ ಪುಡಿ ಹೇಳುತ್ತಾರೆ. ವಿಟಮಿನ್ ಡಿ ತಗೊ ಅಂತ ಒಬ್ಬರು.

— ಮಂಗೋಲಿಯಾದಲ್ಲಿ 8,851 ಶಾಲಾ ಮಕ್ಕಳ ಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಿದರು. ಅರ್ಧದಷ್ಟು ಮಕ್ಕಳಿಗೆ ಮೂರು ವರ್ಷ ವಾರವಾರ ವಿಟಮಿನ್ ಡಿ ಕೊಟ್ಟರು. ಸೋಂಕು ತಗುಲುವುದು ಕಮ್ಮಿಯಾಗಲಿಲ್ಲ. ಪುಡಿಗೆ ಕೊಡುವ ದುಡ್ಡಿನಲ್ಲಿ ಬೇಳೆ, ಮೊಟ್ಟೆ, ಹಾಲು ತಗೊ. ಇದನ್ನು ಬರೀ ಬಾಯಿಮಾತಿಗೆ ಹೇಳುತ್ತಿಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಪ್ರಯೋಗ ಇದೆ, 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳಿಗೆಲ್ಲ ರೇಷನ್ ಕೊಟ್ಟರು. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ ಐದು ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ವಿಟಮಿನ್ ಕೊಟ್ಟರು. ರೇಷನ್ ಸಿಕ್ಕಿದ ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ 39 ಪಾಲು ಇಳಿಯಿತು. ಬೇರೆಯವರಿಗೆ ಹರಡುವ ಶ್ವಾಸಕೋಶದ ಟಿಬಿ 48 ಪಾಲು. ಅಕ್ಕಿ, ಬೇಳೆ!

— ಊಟಕ್ಕೂ ಈ ಕೋಶಗಳ ಹದಕ್ಕೂ ಏನು ನಂಟು?

— ಹಸಿದ ದೇಹದಲ್ಲಿ ಟಿ ಕೋಶ ತಯಾರಾಗುವ ಥೈಮಸ್ ಗ್ರಂಥಿ ಸುಕ್ಕುತ್ತೆ. ಕೋಶಗಳ ಸಂಖ್ಯೆಯೂ ಕಮ್ಮಿ, ಸಂಕೇತವೂ ಮಂದ. ಉರಿಸುವುದಕ್ಕೂ ತಣಿಸುವುದಕ್ಕೂ ಎರಡಕ್ಕೂ ಕೋಶ ಬೇಕು, ಕೋಶಕ್ಕೆ ಅನ್ನ ಬೇಕು. ಪುಡಿ ಮಾರುವವರು ಒಂದೇ ಕಡೆಗೆ ಎಳೆಯುವ ಮಾತಾಡುತ್ತಾರೆ, ಊಟ ಎರಡೂ ಕಡೆಗೆ ಆಗುತ್ತೆ. ರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ ಸಾವಿರ ರೂಪಾಯಿ ಆಗಿದೆ. ನಿನಗೆ ಅದು ದೊಡ್ಡದಲ್ಲದೇ ಇರಬಹುದು. ಕೂಲಿ ಬಿಟ್ಟು ಮಾತ್ರೆ ನುಂಗುತ್ತಾ ಮಲಗಿದವನ ಮನೆಯಲ್ಲಿ ಅದು ಬೇಳೆಯ ದುಡ್ಡು, ತಡವಾಗಿ ಬಂದರೆ ಆ ತಿಂಗಳು ಬೇಳೆ ಇಲ್ಲ.

— ಲಸಿಕೆಯ ವಿಷಯ? ಕೋಶಗಳಿಗೆ ಸರಿಯಾದ ಹದ ಕಲಿಸುವ ಲಸಿಕೆ ಬರುವುದಿಲ್ಲವಾ?

— ಬಿಸಿಜಿ ಬಂದು ನೂರು ವರ್ಷದ ಮೇಲಾಯಿತು. ಮಕ್ಕಳಿಗೆ ಬರುವ ಮಿದುಳಿನ ಟಿಬಿಯನ್ನು ಅದು ತಡೆಯುತ್ತೆ. ದೊಡ್ಡವರ ಶ್ವಾಸಕೋಶದ ಟಿಬಿಯ ಮಟ್ಟಿಗೆ ನಮ್ಮ ಪಕ್ಕದ ಚೆಂಗಲ್‌ಪಟ್ಟುವಿನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ರಕ್ಷಣೆ ಕಾಣಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಎಂವಿಎ85ಎ ಅನ್ನುವ ಲಸಿಕೆ ಕೊಟ್ಟರು, ಅದು ಇಂಟರ್‌ಫೆರಾನ್ ಗಾಮಾ ಬಿಡುವ ಸಿಡಿ4 ಕೋಶಗಳನ್ನು ಹೆಚ್ಚಿಸಿಯೂ ಬಿಟ್ಟಿತು, ಆದರೆ 2013ರಲ್ಲಿ ಫಲಿತಾಂಶ ಬಂದಾಗ ಕೂಸುಗಳಿಗೆ ರಕ್ಷಣೆ ಸಿಕ್ಕಿರಲಿಲ್ಲ. ಕೋಶ ಹೆಚ್ಚಿಸಿದರೆ ಸಾಲದು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಎಂ72 ಅಂತ ಒಂದಿದೆ. ಆಫ್ರಿಕಾದ ಮೂರು ದೇಶಗಳಲ್ಲಿ, ಆಗಲೇ ಸೋಂಕು ತಗುಲಿದ್ದ ದೊಡ್ಡವರಲ್ಲಿ ಕಾಯಿಲೆ ಬೀಳುವುದನ್ನು ಮೂರು ವರ್ಷ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿತು. ಅದರ ದೊಡ್ಡ ಪ್ರಯೋಗ 2024ರಲ್ಲಿ ಶುರುವಾಯಿತು. ನನಗೆ ಅದರ ಮೇಲೆ ತುಂಬಾ ಆಸೆ ಇದೆ.

— ಸರಿ, ನನ್ನ ಗಂಟಿಗೆ ಈಗ ಏನು ಮಾಡಲಿ?

— ಮಾತ್ರೆ ಒಂದು ದಿನವೂ ನಿಲ್ಲಿಸಬೇಡ. ಗಂಟಿನ ಚರ್ಮ ಕೆಂಪಾಗಿ ತೆಳ್ಳಗಾಗಿ ಹೊಳೆಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗು. ಕೀವು ತುಂಬಿದ್ದರೆ ಮತ್ತೆ ಸೂಜಿಯಲ್ಲಿ ತೆಗೆಯುತ್ತಾರೆ, ಗಂಟಿನ ನೆತ್ತಿಗೇ ಚುಚ್ಚದೆ ಪಕ್ಕದ ಒಳ್ಳೆಯ ಚರ್ಮದಿಂದ ಒಳಗೆ ಹೋಗುತ್ತಾರೆ. ಇಲ್ಲದಿದ್ದರೆ ಅಲ್ಲಿಂದ ಸೋರುತ್ತಲೇ ಇರುತ್ತೆ. ಸ್ವಲ್ಪ ದಿನ ಸ್ಟೆರಾಯ್ಡ್ ಬೇಕಾ ಅನ್ನುವುದನ್ನು ಅವರೇ ನೋಡಿ ಹೇಳಲಿ. ಕೋರ್ಸ್ ಮುಗಿದಮೇಲೂ ಸಣ್ಣ ಗಂಟು ಉಳಿಯಬಹುದು, ಅದಕ್ಕೆ ಹೆದರಬೇಡ.

— ಇದು ಮನೆಯವರಿಗೆ ಅಂಟುವುದಿಲ್ಲ ತಾನೆ? ಅಮ್ಮ ತಟ್ಟೆ, ಲೋಟ ಎಲ್ಲ ಬೇರೆ ಇಟ್ಟಿದ್ದಾರೆ.

— ನಿನ್ನ ಎದೆಯ ಎಕ್ಸ್‌ರೇ ಚೊಕ್ಕಟವಾಗಿದೆ. ಕುತ್ತಿಗೆಯ ಗಂಟಿನಿಂದ ಯಾರಿಗೂ ಅಂಟುವುದಿಲ್ಲ. ಶ್ವಾಸಕೋಶದ ಟಿಬಿ ಕೂಡ ತಟ್ಟೆ ಲೋಟದಿಂದ ಹರಡುವುದಲ್ಲ. ಎಲ್ಲ ಒಟ್ಟಿಗೇ ತೊಳೆಯಿರಿ ಅಂತ ನಾನೇ ನಿಮ್ಮಮ್ಮನಿಗೆ ಫೋನ್ ಮಾಡುತ್ತೇನೆ. ಆದರೆ ನಿನಗೆ ಯಾರಿಂದಲೋ ಬಂತಲ್ಲ, ಅವರು ನಿಮ್ಮ ಮನೆಯವರೇ ಇರಬಹುದು, ಮನೆಗೆ ಬಂದುಹೋಗುವವರೂ ಇರಬಹುದು. ನಿಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಅದಿದ್ದರೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು. ನಾಳೆ ಇಬ್ಬರೂ ಬನ್ನಿ. ಅವಳ ಎದೆಯ ಎಕ್ಸ್‌ರೇ ಮಾಡಿಸೋಣ, ಸಕ್ಕರೆಯನ್ನೂ ನೋಡಿಸೋಣ. ಕೆಮ್ಮು ಇದ್ದರೆ ಬೆಳಗಿನ ಕಫ ತರುವುದಕ್ಕೆ ಹೇಳು.